ಬಡವರ ಸೂರು, ಕುಲೀನೆಯ ನೆನಪು

ಉನ್ನತ ಕುಲದವರ ಪ್ರವಾಸಕಥನವೆಂದೊಡನೆ ಅರಮನೆಗಳ ವೈಭವ, ಆತಿಥ್ಯದ ಸಡಗರ ಇವುಗಳ ವರ್ಣನೆಯನ್ನು ನಿರೀಕ್ಷಿಸುವುದು ವಾಡಿಕೆ. ಹನ್ನೊಂದನೆಯ ಶತಮಾನದ ಜಪಾನಿನಲ್ಲಿ ರಚಿತವಾದ 'ಸರಷಿನಾ ದಿನಚರಿ'ಯು ಈ ನಿರೀಕ್ಷೆಯನ್ನು ಹುಸಿಗೊಳಿಸುತ್ತದೆ. ಅದನ್ನು ಬರೆದವಳು ಸುಗವರಾ ಮನೆತನದ ತಕಸುಯೆ ಎಂಬ ಪ್ರಾಂತಾಧಿಕಾರಿಯ ಮಗಳು, 1008ರಲ್ಲಿ ಜನಿಸಿದವಳು. ಕಥೆಗಳ ಗೀಳು ಹಿಡಿದ ಕನಸುಗಾತಿಯೆಂದು ಅವಳನ್ನು ಬಣ್ಣಿಸುವವರುಂಟು. ಅದು ಅರ್ಧಸತ್ಯ ಮಾತ್ರ. ದಾರಿಯಲ್ಲಿ ತಂಗಿದ ಬಡ ಬಿಡಾರಗಳನ್ನು ಅವಳು ನೆನೆದಿರುವ ಬಗೆಯೇ ಇದಕ್ಕೆ ಸಾಕ್ಷಿ.

1020ರಲ್ಲಿ ತಂದೆಯ ಅಧಿಕಾರಾವಧಿ ಮುಗಿದು, ಕುಟುಂಬವು ಕಜುಸಾ ಪ್ರಾಂತದಿಂದ ರಾಜಧಾನಿ ಕ್ಯೋಟೋಗೆ ಹೊರಟಿತು. ಅದು ಮೂರು ತಿಂಗಳ ಪಯಣ. ಮೊದಲ ಬೀಡು ಗೋಡೆಗಳಿಲ್ಲದ ಹುಲ್ಲುಮಾಡು. ಮತ್ತೊಂದೆಡೆ, ಮಳೆಗೆ ಗುಡಿಸಲೇ ತೇಲಿಹೋದೀತೆಂಬ ಭಯದಿಂದ ನಿದ್ರೆ ಸುಳಿಯಲಿಲ್ಲ. ಆದರೆ ಅವಳ ಮನಸ್ಸಿನಲ್ಲಿ ಆಳವಾಗಿ ನೆಲೆಸಿದುದು ದಾದಿಯ ಬಿಡಾರ. ಗಂಡನನ್ನು ಕಳೆದುಕೊಂಡಿದ್ದ ದಾದಿ ಮಾರ್ಗಮಧ್ಯದಲ್ಲಿ ಹೆತ್ತಳು. ಪರಿವಾರವು ಅವಳನ್ನು ಬಿಟ್ಟು ಮುಂದೆ ಸಾಗಬೇಕಾಯಿತು. ಅಗಲುವ ಮುನ್ನ ಅಣ್ಣನು ಬಾಲಕಿಯನ್ನು ಅಲ್ಲಿಗೆ ಕರೆದೊಯ್ದನು. ಗಂಡಸಿನ ಆಸರೆಯಿಲ್ಲದ ಬಾಣಂತಿಗೆ ದೊರೆತದ್ದು ಒರಟಾಗಿ ಹೊದಿಸಿದ ಒಂದೇ ಪದರದ ಮಾಡು. ಬೆಳದಿಂಗಳೆಲ್ಲ ಒಳಕ್ಕೆ ಸುರಿಯುತ್ತಿತ್ತು. ಬಾಲಕಿಯ ಕೂದಲು ನೇವರಿಸಿ ದಾದಿ ಅತ್ತಳು. ಮರುವರ್ಷದ ವಸಂತದಲ್ಲಿ ದಾದಿ ತೀರಿಕೊಂಡ ವಾರ್ತೆಯನ್ನು ಬರೆಯುವಾಗಲೂ ಲೇಖಕಿಗೆ ನೆನಪಾದುದು ಆ ಬೆಳದಿಂಗಳೇ. ಒಂದೇ ಪರಿವಾರದಲ್ಲಿ ಯಾರ ತಲೆಯ ಮೇಲೆ ಎಂತಹ ಸೂರು ಎಂಬುದನ್ನು ಎಳೆಯ ಕಣ್ಣು ಅಳೆದಿತ್ತು.

1046ರಲ್ಲಿ ಹೊಸ ಚಕ್ರವರ್ತಿಯ ಶುದ್ಧಿವಿಧಿಯ ಮೆರವಣಿಗೆಯನ್ನು ನೋಡಲು ಜನರು ರಾಜಧಾನಿಗೆ ನುಗ್ಗುತ್ತಿದ್ದಾಗ, ಅವಳು ಹಾಸೆ ಕ್ಷೇತ್ರದ ಯಾತ್ರೆಗೆ ಹೊರಟಳು. ಇರುಳಿಗೆ ದೊರೆತದ್ದು ಒಂದು ಬಡಮನೆ. ಅಲ್ಲಿದ್ದ ಗಂಡಾಳುಗಳು ನಿದ್ರೆಯಿಲ್ಲದೆ ಒಳಗೂ ಹೊರಗೂ ಸುತ್ತುತ್ತಿದ್ದರು. ಒಳಗಿನ ಹೆಂಗಸರು ಕಾರಣ ಕೇಳಿದಾಗ ಹೊರಬಿದ್ದ ಆತಂಕವಿಷ್ಟು: ಗುರುತಿಲ್ಲದವರಿಗೆ ಇಂಬು ಕೊಟ್ಟದ್ದಾಯಿತು, ಅವರು ಹಂಡೆಯನ್ನು ಕಿತ್ತೊಯ್ದರೆ ಗತಿಯೇನು? ಅತಿಥಿಗಳು ಮಲಗಿದ್ದಾರೆಂದು ಆಡಿದ ಮಾತನ್ನು ಅವಳು ಕೇಳಿಸಿಕೊಂಡಳು; ಅಂಜಿಕೆಯೂ ಆಯಿತು, ನಗೆಯೂ ಬಂದಿತು.

ಈ ಪ್ರಸಂಗವನ್ನು ಕೇವಲ ವಿನೋದವೆಂದು ತಳ್ಳಿಹಾಕುವುದು ಉಚಿತವಲ್ಲ. ಪರಸ್ಥಳದಲ್ಲಿ ಕಳ್ಳರಿಗೆ ಹೆದರುವವನು ಪ್ರಯಾಣಿಕ. ಇಲ್ಲಿ ಕುಲೀನೆಯೇ ಕಳ್ಳರ ಸಾಲಿಗೆ ಸೇರಿದಳು. ಬಡವನ ಕಣ್ಣಿನಲ್ಲಿ ತಾನು ಏನೆಂಬುದನ್ನು ಅರಿತೂ ಅವಳು ಸಿಡುಕಲಿಲ್ಲ, ಮರೆಮಾಚಲೂ ಇಲ್ಲ. ಐವತ್ತರ ಗಡಿ ದಾಟಿದ ಮೇಲೆ ಅದನ್ನೂ ಬರೆದಿಟ್ಟಳು. ಬಡತನವನ್ನು ಹೊಗಳದೆ, ಹಳಿಯದೆ, ಕಂಡಂತೆ ನೆನೆದ ಈ ಪ್ರಾಮಾಣಿಕತೆಯೇ ಕೃತಿಯ ನಿಜವಾದ ಹಿರಿಮೆ. ಸೂರು ಕೊಟ್ಟವರ ಹೆಸರು ಉಳಿಯಲಿಲ್ಲ. ಅವರ ಹಂಡೆಯ ಚಿಂತೆ ಸಾವಿರ ವರ್ಷಗಳ ಸಮೀಪಕ್ಕೆ ಬಂದಿದೆ. ಉಂಡ ಮನೆಯನ್ನು ನೆನೆಯುವುದು ಸೌಜನ್ಯ. ಆ ಮನೆಯವರ ಅಳಲನ್ನೂ ನೆನೆಯುವುದು ಸಂಸ್ಕಾರ.