ಇಲ್ಲಿ ವಕೀಲರಾಗಿ, ಆಮೇಲೆ ಅಲ್ಲೂ ಓದಿ

ಪಿಯುಸಿ ಆದ ಮೇಲೆ ಏನು ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ನರ್ಸಿಂಗ್, ಬಿ.ಕಾಂ., ಇಂಜಿನಿಯರಿಂಗ್ ಎನ್ನುತ್ತಾರೆ. ಕಾನೂನು ಓದಿ, ವಕೀಲರಾಗಿ, ಮತ್ತೆ ವಿದೇಶಕ್ಕೆ ಓದಲು ಹೋಗುತ್ತೇನೆ ಎಂದರೆ ನಗುತ್ತಾರೆ. ಇಲ್ಲಿನ ವಕೀಲರಿಗೆ ಅಲ್ಲಿ ಏನು ಕೆಲಸ ಅಂತ!

ನಮ್ಮ ಕುಣಿಗಲ್ ದಾಟಿ ಹೋದರೆ ಮದ್ದೂರು. ಆ ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು ಬೆಂಗಳೂರಿನಲ್ಲಿ ಕಾನೂನು ಪದವಿ ಪಡೆದು, ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ ಡಲ್ಲಾಸ್, ವಾಷಿಂಗ್ಟನ್‌ಗಳಲ್ಲಿ ಓದಿದರು. ಮರಳಿ ಬಂದು ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸಿದರು. 1962ರಲ್ಲಿ ಶಾಸಕರಾದರು, 2009ರಲ್ಲಿ ವಿದೇಶಾಂಗ ಸಚಿವರಾದರು. ರಾಜಕೀಯ ಇರಲಿ, ನನಗೆ ದೊಡ್ಡದಾಗಿ ಕಾಣುವುದು ಅವರು ಮರಳಿ ಬಂದು ಪಾಠ ಹೇಳಿದ್ದು.

ನಮ್ಮ ಕಡೆಯವರು ದುಬೈ, ಸೌದಿಗೆ ದುಡಿಯಲು ಹೋಗುತ್ತಾರೆ. ಸಂಬಳ ನಿಂತರೆ ಯಾವ ದೇಶದ ಕಾನೂನು ನಡೆಯುತ್ತದೆ, ದೂರು ಎಲ್ಲಿ ಕೊಡಬೇಕು? ಕೆಲಸದ ಕರಾರುಪತ್ರ ಓದಿ ಮನೆಯವರಿಗೆ ಕನ್ನಡದಲ್ಲೋ ಉರ್ದುವಿನಲ್ಲೋ ಬಿಡಿಸಿ ಹೇಳುವ ವಕೀಲರು ನಮ್ಮಲ್ಲಿ ಬೇಕು. ಇಲ್ಲಿನ ಕೋರ್ಟು ಮತ್ತು ಹೊರಗಿನ ಕಾನೂನು ಎರಡೂ ಗೊತ್ತಿದ್ದವರಿಗೇ ಅದು ಸಾಧ್ಯ.

ಬ್ರಿಟನ್ನಿನಲ್ಲಿ ಎಲ್‌ಎಲ್‌.ಎಂ. ಸಾಮಾನ್ಯವಾಗಿ ಒಂದೇ ವರ್ಷ. ಖರ್ಚು ಜಾಸ್ತಿ, ನಿಜ. ಆದರೆ ಅಲ್ಲಿನ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಸಿಕ್ಕಿದರೆ ಶುಲ್ಕವೂ ವಾಸದ ಖರ್ಚೂ ಸಿಗುತ್ತದೆ. ಅದಕ್ಕೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಈ ಷರತ್ತೇ ನನಗೆ ಇಷ್ಟ. ಗುಬ್ಬಿ ಕೋರ್ಟಿನಲ್ಲಿ ಎರಡು ವರ್ಷ ಜಮೀನಿನ ಕೇಸು ನಡೆಸಿದವರು ಅಲ್ಲಿನ ತರಗತಿಯಲ್ಲಿ ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ. ಆದ್ದರಿಂದ ನೇರ ಲಂಡನ್ ಎನ್ನುವ ಗೆಳೆಯರೇ, ಮೊದಲು ತುಮಕೂರಿನ ವಿದ್ಯೋದಯ ಕಾನೂನು ಕಾಲೇಜಿಗೆ ಒಮ್ಮೆ ಹೋಗಿ ವಿಚಾರಿಸಿ.