ಪ್ರಾಣಿದಯೆಯೇ, ಗೂಂಡಾಗಿರಿಯೇ?

ಪ್ರಾಣಿಹಿಂಸೆ ತಪ್ಪೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಕೊಟ್ಟಿಗೆಯ ಗೊಬ್ಬರದಿಂದಲೇ ತೋಟ ಉಳಿಸಿಕೊಂಡ ಬೆಳೆಗಾರರಿಗೆ ಈ ವಿಷಯದಲ್ಲಿ ಉಪದೇಶ ಬೇಕಾಗಿಯೂ ಇಲ್ಲ. ಆದರೆ ದಯೆಯ ಹೆಸರಿನಲ್ಲಿ ಒಂದು ಕೃಷಿಕ ಕುಟುಂಬವನ್ನು ಎಷ್ಟರ ಮಟ್ಟಿಗೆ ಹಿಂಸಿಸಬಹುದೆಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ನಡೆದುದನ್ನು ಸದಸ್ಯ ಬಾಂಧವರು ಗಮನಿಸಬೇಕು.

ಅಲ್ಲಿನ ನ್ಯೂಚರ್ಚ್ ಎಂಬ ಹಳ್ಳಿಯ ಕುಟುಂಬವೊಂದು ವೈದ್ಯಕೀಯ ಸಂಶೋಧನೆಗಾಗಿ ಗಿನಿಪಿಗ್ ಸಾಕುತ್ತಿತ್ತು. ಕಾನೂನು ಒಪ್ಪಿದ ಕಸುಬು. ಆದರೂ 1999ರಿಂದ ಆರು ವರ್ಷ ಅವರಿಗೆ ನೆಮ್ಮದಿಯಿರಲಿಲ್ಲ. ಅವರಿಗಷ್ಟೇ ಅಲ್ಲ, ಕೆಲಸದಾಳುಗಳಿಗೆ, ಇಂಧನ ಪೂರೈಸುವವರಿಗೆ, ಊರಿನ ಮದ್ಯದಂಗಡಿಗೂ ಕಾಟ. ಕೊನೆಗೆ 2004ರ ಅಕ್ಟೋಬರ್‌ನಲ್ಲಿ ಮಾಲೀಕರೊಬ್ಬರ ಅತ್ತೆಯ ಸಮಾಧಿಯನ್ನೇ ಅಗೆದು ಅವಶೇಷ ಕದ್ದೊಯ್ದರು. ತೀರಿಕೊಂಡು ಏಳು ವರ್ಷವಾಗಿದ್ದ ಆ ವೃದ್ಧೆ ಯಾವ ಪ್ರಾಣಿಗೆ ಏನು ಮಾಡಿದ್ದರು? ಮರುವರ್ಷ ಆಗಸ್ಟ್‌ನಲ್ಲಿ ಕುಟುಂಬ ಸಾಕಣೆ ನಿಲ್ಲಿಸುವುದಾಗಿ ಸಾರಿತು. 2006ರಲ್ಲಿ ನಾಲ್ವರಿಗೆ ಜೈಲಾಯಿತು. ಮೂವರಿಗೆ 12 ವರ್ಷ.

ಇಂಥವರ ದಯೆಯ ಲೆಕ್ಕವೂ ವಿಚಿತ್ರ. 1998ರಲ್ಲಿ ಹ್ಯಾಂಪ್‌ಶೈರ್‌ನ ತುಪ್ಪಳದ ಫಾರಂ ಒಂದರಿಂದ ಸಾವಿರಾರು ಮಿಂಕ್‌ಗಳನ್ನು ಬಿಟ್ಟುಬಿಟ್ಟರು. ಮಿಂಕ್ ಎಂದರೆ ನಮ್ಮ ಮುಂಗುಸಿಯಂಥ ಬೇಟೆಗಾರ ಪ್ರಾಣಿ. ಸುತ್ತಲಿನ ಹಕ್ಕಿಗಳು, ಸಾಕುಪ್ರಾಣಿಗಳು ಅವುಗಳ ಬಾಯಿಗೆ ಬಿದ್ದವು. ಬಿಡುಗಡೆಯಾದ ಅನೇಕ ಮಿಂಕ್‌ಗಳೂ ಗುಂಡಿಗೆ, ವಾಹನಕ್ಕೆ ಸಿಕ್ಕಿ ಸತ್ತವು. ಇನ್ನು, ಸಕ್ಕರೆ ಕಾಯಿಲೆಯವರ ಇನ್ಸುಲಿನ್ 1921ರಲ್ಲಿ ಟೊರಾಂಟೊದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಿಂದ ದೊರೆತದ್ದು. ಹೋರಾಟಗಾರರು ತಮಗೆ ಕಾಯಿಲೆ ಬಂದಾಗ ಅದನ್ನು ಬೇಡವೆನ್ನುವರೇ?

ಪ್ರಯೋಗ ತಪ್ಪೆಂದು ಕಂಡರೆ ಹೇಳಲಿ, ಕಾನೂನು ಬದಲಿಸಲು ಪಾರ್ಲಿಮೆಂಟ್ ಇದೆ, ಬರೆಯಲು ಪತ್ರಿಕೆಗಳಿವೆ. ಇಂಧನ ತಂದು ಹಾಕುವವನನ್ನು ಹೆದರಿಸುವುದೇಕೆ?