ಅಂಗಳ ಮುಚ್ಚಬೇಡಿ

ದಾದರಿನ ಪೋರ್ಚುಗೀಸ್ ಚರ್ಚನ್ನು ಕಂಡು ‘ಇದೂ ಒಂದು ಇಗರ್ಜಿಯೇ?’ ಎಂದು ಮೂಗು ಮುರಿಯುವವರು ಇನ್ನೂ ಇದ್ದಾರೆ. ಹೆಸರು ಹಳೆಯದು, ಈಗಿನ ಕಟ್ಟಡ ಮಾತ್ರ 1970ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ರೂಪಿಸಿದ್ದು. ತೆರೆದ ಅಂಗಳಗಳು, ಅವುಗಳ ನಡುವೆ ಎದ್ದ ಕಾಂಕ್ರೀಟಿನ ಚಿಪ್ಪುಗಳು. ಬಿಸಿಗಾಳಿ ಚಿಪ್ಪಿನ ತುದಿಯಿಂದ ಹೊರಹೋಗುತ್ತದೆ, ಅಂಗಳದ ಗಾಳಿ ಒಳಬರುತ್ತದೆ. ಮುಂಬಯಿಯ ಸೆಖೆಯಲ್ಲಿ ಬೆಂದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕೆ?

ಇಂಥ ಕಟ್ಟಡದ ಜೀರ್ಣೋದ್ಧಾರವೆಂದರೆ ಟೈಲ್ಸ್ ಹೊದಿಸಿ, ಅಂಗಳಕ್ಕೆ ಶೀಟು ಹಾಕಿ, ಏಸಿ ಕೂಡಿಸುವುದಲ್ಲ. ಕಡಲ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಟೈಲ್ಸು ಆ ಬಿರುಕನ್ನು ಮರೆಮಾಡೀತೇ ಹೊರತು ವಾಸಿಮಾಡದು. ಸಡಿಲಗೊಂಡುದನ್ನು ಕೆತ್ತಿ, ತುಕ್ಕು ಉಜ್ಜಿ, ಮೂಲದ ಮೈಗೆ ಹೊಂದುವ ಗಾರೆ ತುಂಬಬೇಕು. ನಿಧಾನದ ಕೆಲಸ, ಉದ್ಘಾಟನೆಯ ಫೋಟೋದಲ್ಲಿ ಕಾಣಿಸುವಂಥದ್ದಲ್ಲ. ಕಾಂಕ್ರೀಟಿನ ಯಾವ ಇಗರ್ಜಿಯಲ್ಲೇ ಆಗಲಿ, ದುರಸ್ತಿಗೆ ಹಣ ಕೂಡಿಸುವವರು ಬಣ್ಣದವನಿಗಿಂತ ಮೊದಲು ಎಂಜಿನಿಯರನ್ನು ಕರೆಯಲಿ.